ಡರ್ಟ್ ಬೈಕಿನ ತೂಕ ಇಳಿಸುವವರು ಮೊದಲು ಬ್ಯಾಟರಿಯನ್ನು ನೋಡಿ

ಕಚ್ಚಾ ದಾರಿಯಲ್ಲಿ ಓಡಿಸುವ ಡರ್ಟ್ ಬೈಕನ್ನು ಹಗುರಗೊಳಿಸಲು ಟೈಟಾನಿಯಂ ಬೋಲ್ಟುಗಳಿಗೆ ಹಣ ಸುರಿಯುವ ಮೊದಲು ಬ್ಯಾಟರಿಯತ್ತ ಗಮನ ಕೊಡುವುದು ಒಳ್ಳೆಯದು. ಸೀಸ-ಆಮ್ಲದ ಬ್ಯಾಟರಿಯ ಬದಲು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದರೆ ಅದರ ತೂಕ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದರೆ ಎಂಜಿನ್ ಜೋರಾಗಿ ತಿರುಗುವಾಗಲೂ ಚಾರ್ಜಿಂಗ್ 14.6 ವೋಲ್ಟ್ ಮೀರುವುದಿಲ್ಲವೆಂದು ಮಲ್ಟಿಮೀಟರಿನಲ್ಲಿ ಅಳೆದು ಖಚಿತಪಡಿಸಿಕೊಳ್ಳದೆ ಅದನ್ನು ಕೂರಿಸಬಾರದು. ಮೀರುತ್ತಿದ್ದರೆ ಮೊದಲು ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಬದಲಿಸಬೇಕು.

ಸೈಲೆನ್ಸರಿನ ಭಾರ ಹಿಂದೆ, ಎತ್ತರದಲ್ಲಿ ಇರುವುದರಿಂದ ಹಗುರವಾದ ಸೈಲೆನ್ಸರ್ ಹಾಕಿ ಅಲ್ಲಿ ಉಳಿಸಿದ ಒಂದೆರಡು ಕಿಲೋ ಇಕ್ಕಟ್ಟಾದ ತಿರುವುಗಳಲ್ಲಿ ಚೆನ್ನಾಗಿ ಅನುಭವಕ್ಕೆ ಬರುತ್ತದೆ. ರಸ್ತೆಗಿಳಿಸುವ ಬೈಕಾದರೆ ಶಬ್ದ ಮತ್ತು ಹೊಗೆಯ ನಿಯಮಗಳು ಅಡ್ಡ ಬರುತ್ತವೆ, ದಂಡವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಖರ್ಚೇ ಇಲ್ಲದ ದಾರಿಯೂ ಉಂಟು: ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ ತೂಗುವುದರಿಂದ, ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಬೈಕಿನ 13 ಲೀಟರ್ ಟ್ಯಾಂಕನ್ನು ಅರ್ಧವಷ್ಟೇ ತುಂಬಿಸಿದರೆ ಹೆಚ್ಚುಕಡಿಮೆ ಐದು ಕಿಲೋ ಉಳಿಯುತ್ತದೆ.