ಮುರಕಲ್ಲಿನ ಪುಡಿ, ತೆಂಗಿನ ನಾರು, ಒಂದು ಕುದುರೆ

ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಒಂದು ಸಂಜೆ, ಸವಾರಿ ಮುಗಿಸಿ ನಿಂತಿದ್ದ ಕುದುರೆಯನ್ನು ನೋಡಿದೆ. ಅದನ್ನು ನೋಡಿಕೊಳ್ಳುವ ಹುಡುಗ ಅಂಗೈಯಿಂದ ಅದರ ಕುತ್ತಿಗೆಯ ಬೆವರು ಒರೆಸುತ್ತಿದ್ದ. ಅವನು ಮಾತಾಡಿದಾಗಲೆಲ್ಲ ಕುದುರೆಯ ಒಂದು ಕಿವಿ ಅವನ ಕಡೆ ತಿರುಗುತ್ತಿತ್ತು. ಮನುಷ್ಯ, ಕುದುರೆಯ ನಂಟನ್ನು ಮಿಶ್ರ ಮಾಧ್ಯಮದಲ್ಲಿ, ಅಂದರೆ ಬಣ್ಣ, ನಾರು, ಮರಳು ಎಲ್ಲ ಸೇರಿಸಿ, ಬಿಡಿಸುವ ಆಸೆಯಿದ್ದರೆ ಇಂಥ ಗಳಿಗೆಯನ್ನೇ ಆರಿಸಿ. ಓಡುವ ಕುದುರೆಗಿಂತ ನಿಂತ ಕುದುರೆಯಲ್ಲಿ ಆ ನಂಟು ಜಾಸ್ತಿ ಕಾಣುತ್ತದೆ.

ಮೊದಲು ಕಾಗದದ ಮೇಲೆ ಇದ್ದಿಲಿನ ಸ್ಕೆಚ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಒಮ್ಮೆ ನೋಡಿ. ಎಷ್ಟು ಕಡಿಮೆ ಗೆರೆ, ಎಷ್ಟು ಚಲನೆ! ಕುದುರೆಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗುವ ಗಂಟು ಮೊಣಕಾಲಲ್ಲ, ಅದು ಹಿಮ್ಮಡಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಹಣೆಯ ನೇರ ಮುಂದೆ ಇರುವುದು ಕುದುರೆಗೆ ಕಾಣುವುದಿಲ್ಲ, ಕಣ್ಣು ತಲೆಯ ಪಕ್ಕದಲ್ಲಿದೆ ಅಲ್ವಾ? ಹಾಗಾಗಿ ಮನುಷ್ಯನನ್ನು ಅದರ ಭುಜದ ಬಳಿ ನಿಲ್ಲಿಸಿ.

ಕ್ಯಾನ್ವಾಸ್ ಬೋರ್ಡಿಗೆ ಎರಡು ಸಲ ಜೆಸ್ಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಲೇಪ) ಬಳಿದು ಒಣಗಿಸಿ, ಸ್ಕೆಚ್ಚನ್ನು ಅದಕ್ಕೆ ಇಳಿಸಿಕೊಳ್ಳಿ.

ಈಗ ನಮ್ಮೂರಿನ ಬಣ್ಣ. ಮನೆ ಕಟ್ಟುವಲ್ಲಿ ಬಿದ್ದಿರುವ ಮುರಕಲ್ಲಿನ, ಅಂದರೆ ನಮ್ಮ ಕರಾವಳಿಯ ಕೆಂಪು ಕಲ್ಲಿನ, ಚೂರು ತನ್ನಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಅಕ್ರಿಲಿಕ್ ಮೀಡಿಯಂನಲ್ಲಿ (ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ದ್ರವ) ಕಲಸಿ. ಕಂದು ಕುದುರೆಯ ಮೈಬಣ್ಣ ಸಿದ್ಧ. ಕಲ್ಲಿನ ಕೆಂಪು ಕಬ್ಬಿಣದ್ದು, ಬಿಸಿಲಿಗೆ ಸುಲಭಕ್ಕೆ ಮಾಸುವುದಿಲ್ಲ. ಹುಡುಗನ ಕೈಗೂ ಇದೇ ಬಣ್ಣ ಹಚ್ಚಿ. ಅಂಗೈ ಕುತ್ತಿಗೆಗೆ ತಾಗುವಲ್ಲಿ ಗೆರೆ ಎಳೆಯಲೇಬೇಡಿ. ಕೈ ಎಲ್ಲಿ ಮುಗಿಯಿತು, ಕುದುರೆ ಎಲ್ಲಿ ಶುರುವಾಯಿತು ಎಂದು ಕಣ್ಣು ಹುಡುಕಬೇಕು.

ಕೇಸರಕ್ಕೆ, ಅಂದರೆ ಕುದುರೆಯ ಕುತ್ತಿಗೆ ಮೇಲಿನ ಕೂದಲಿಗೆ, ತೆಂಗಿನ ನಾರು. ತೊಳೆದು ಒಣಗಿಸಿ, ಎಳೆ ಬಿಡಿಸಿ, ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಅಂಟಿಸಿ. ಕಾಲಡಿಗೆ ಕಡಲತೀರದ ಮರಳು ಹಾಕುವುದಾದರೆ ಸಿಹಿನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಸುಮ್ನೆ ಹಾಗೇ ಅಂಟಿಸಿದರೆ ಅದರ ಉಪ್ಪು ಮಳೆಗಾಲದಲ್ಲಿ ತೇವ ಹೀರಿ ಚಿತ್ರ ಹಾಳು ಮಾಡುತ್ತದೆ.

ಆಯಿಲ್ ಪೇಸ್ಟಲ್ ಕೊನೆಗಿರಲಿ. ಎಣ್ಣೆಯ ಮೇಲೆ ಅಕ್ರಿಲಿಕ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಬೆವರಿನ ಹೊಳಪಿಗೆ ಬಿಳಿ ಸಾಕು, ಬೆರಳಿಂದ ತಿಕ್ಕಿ. ಪೇಸ್ಟಲ್ ಪೂರ್ತಿ ಒಣಗುವುದಿಲ್ಲ, ಆದ್ದರಿಂದ ಚಿತ್ರಕ್ಕೆ ತಾಗದಂತೆ ಅಂತರ ಬಿಟ್ಟು ಗಾಜು ಹಾಕಿಸಿ. ಫ್ರೇಮಿಗೆ ಕೊಡುವ ಮುಂಚೆ ಕಿವಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ. ಅದು ಹುಡುಗನ ಕಡೆಗೇ ತಿರುಗಿರಬೇಕು.