ನಮ್ಮ ಅಯ್ಯನವರ ಪ್ರಸಂಗ ಕೇಳಲು ನಾನು ಕಲಿತದ್ದು

ಮೂರು ವರ್ಷದ ಹಿಂದೆ ನಮ್ಮ ಚರ್ಚಿನ ಯುವಜನ ಕೂಟದಲ್ಲಿ ಎದ್ದು ನಿಂತು ಒಂದು ಮಾತು ಹೇಳಿದೆ. ಇನ್ನೊಂದು ವರ್ಷ ಫೋನಿನಲ್ಲಿ ಯಾರ ಪ್ರಸಂಗವನ್ನೂ, ಅಂದರೆ ಬೈಬಲ್ ಬೋಧನೆಯನ್ನೂ, ಕೇಳಲ್ಲ, ನಮ್ಮ ಪಾದ್ರಿ ಅಯ್ಯನವರದ್ದು ಮಾತ್ರ ಕೇಳ್ತೀನಿ ಅಂತ. ಎಲ್ಲರೂ ನಕ್ಕರು. "ಎರಡು ತಿಂಗಳು ತಡೀತೀಯಾ, ನೋಡೋಣ" ಅಂದ ನನ್ನ ಭಾವಮೈದುನ. ಈಗ ಅವನೇ ಸೋಮವಾರ ಬಂದು ನನ್ನ ನೋಟ್‌ಬುಕ್ ಒಯ್ಯುತ್ತಾನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಮ್ಮದು ಗದಗ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದ ಮೇಲೆ ಈ ಭಾಗದಲ್ಲಿ ಬೆಳೆದ ಸಭೆಗಳ ಪೈಕಿಯದು. ಅಯ್ಯನವರಿಗೆ ನಮ್ಮದೂ ಸೇರಿ ಮೂರು ಸಭೆ. ಬೆಳಿಗ್ಗೆ ಏಳಕ್ಕೆ ಹಳ್ಳಿಯಲ್ಲಿ ಆರಾಧನೆ ಮುಗಿಸಿ, ಸ್ಕೂಟರ್ ಹತ್ತಿ, ಹತ್ತಕ್ಕೆ ನಮ್ಮಲ್ಲಿಗೆ ಬರುತ್ತಾರೆ. ದನಿ ಸಣ್ಣದು. ಹಾಳೆ ನೋಡಿಕೊಂಡು ಮಾತಾಡುತ್ತಾರೆ. ಇಪ್ಪತ್ತೈದು ನಿಮಿಷ, ಅಷ್ಟೇ.

ನಾನು ಆಗ ಹಿಂದಿನ ಬೆಂಚಿನವನು. ವಾರವಿಡೀ ಅಂಗಡಿಯಲ್ಲಿ ದೊಡ್ಡ ದೊಡ್ಡ ಬೋಧಕರ ಪ್ರಸಂಗ ಹಾಕಿಕೊಂಡಿರುತ್ತಿದ್ದೆ. ಭಾನುವಾರ ಬಂದರೆ ಎಲ್ಲವೂ ಸಪ್ಪೆ. ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಬೋಧಕ ಸೇವಾಸಂಸ್ಥೆಗೆ ತಿಂಗಳಿಗೆ ಸಾವಿರದಂತೆ ಎರಡೂವರೆ ವರ್ಷ ಕಳಿಸಿದೆ. ಬೆಂಗಳೂರಿನ ಕೂಟಗಳಿಗೆ ಮನೆಮಂದಿ ಸಮೇತ ಮೂರು ಸಲ ಹೋಗಿ ಬಂದೆ, ಸಲಕ್ಕೆ ಆರೇಳು ಸಾವಿರ. ಎಲ್ಲಾ ಸೇರಿ ಐವತ್ತು ಸಾವಿರಕ್ಕೆ ಹತ್ತಿರ. ಅದೇ ಹೊತ್ತಿನಲ್ಲಿ ನಮ್ಮ ಸಭೆಯ ಕಾಣಿಕೆ ಚೀಲಕ್ಕೆ ನಾನು ಹಾಕುತ್ತಿದ್ದದ್ದು ಐವತ್ತು ರೂಪಾಯಿ. ಉಪದೇಶ ಪಡೆಯುವವನು ಉಪದೇಶ ಮಾಡುವವನ ಜೊತೆ ತನ್ನ ಒಳ್ಳೆಯದನ್ನು ಹಂಚಿಕೊಳ್ಳಲಿ ಅಂತ ಬೈಬಲಿನಲ್ಲಿ ಗಲಾತ್ಯದವರಿಗೆ ಅಪೊಸ್ತಲ ಪೌಲ ಬರೆದದ್ದನ್ನು ನಾನು ಎಷ್ಟು ಸಲ ಓದಿದ್ದೆನೋ. ಈ ಸ್ಕೂಟರಿನ ಮನುಷ್ಯ ನೆನಪಿಗೆ ಬಂದಿರಲೇ ಇಲ್ಲ.

ಮೊದಲ ಆರು ತಿಂಗಳು ಏನೂ ಆಗಲಿಲ್ಲ. ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಹೋದೆ. ನಾಲ್ಕು ಪುಟ ತುಂಬುತ್ತಿತ್ತು, ಮಧ್ಯಾಹ್ನದ ಊಟಕ್ಕೆ ಕೂತರೆ ಒಂದು ಮಾತೂ ನೆನಪಿಲ್ಲ. ಆಮೇಲೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಲು ಶುರು ಮಾಡಿದೆ. ಒಂದು ದಿನ ದೇವಾಲಯದ ಮೆಟ್ಟಿಲ ಮೇಲೆ ಮಗಳು "ಇವತ್ತು ಎಷ್ಟು ಮಾರ್ಕ್ಸ್ ಅಪ್ಪಾ?" ಅಂದಳು. ಅಯ್ಯನವರು ಎರಡು ಹೆಜ್ಜೆ ಹಿಂದೆಯೇ ಇದ್ದರು. ಆ ರಾತ್ರಿ ಅಂಕದ ಪುಟಗಳನ್ನು ಹರಿದು ಹಾಕಿದೆ. ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಹಾಕಿಯೂ ನೋಡಿದೆ. ಫೋನ್ ಕಂಡ ಕೂಡಲೇ ಅವರ ಮಾತು ಬಿಗಿಯಾಗುತ್ತಿತ್ತು. ಮೂರು ವಾರಕ್ಕೆ ಬಿಟ್ಟೆ.

ತಿರುವು ಸಿಕ್ಕಿದ್ದು ಒಂದು ಗುರುವಾರ. ಭಾನುವಾರ ಬೈಬಲಿನ ಯಾವ ಪಾಠ ಅಂತ ಅಯ್ಯನವರಿಗೆ ಫೋನ್ ಮಾಡಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲಪ್ಪಾ" ಅಂದರು. ಅವತ್ತಿನಿಂದ ಪ್ರತಿ ಶನಿವಾರ ರಾತ್ರಿ ಮನೆಯವರೆಲ್ಲ ಕೂತು ಆ ಪಾಠವನ್ನು ಗಟ್ಟಿಯಾಗಿ ಓದುತ್ತೇವೆ. ತಲೆಗೊಂದು ಪ್ರಶ್ನೆ ಇಟ್ಟುಕೊಂಡು ದೇವಾಲಯಕ್ಕೆ ಹೋಗುತ್ತೇವೆ. ಪ್ರಸಂಗದ ಹೊತ್ತಿನಲ್ಲಿ ಪೆನ್ನು ಮುಟ್ಟಲ್ಲ. ಕಾಣಿಕೆ ಹಾಡು ಶುರುವಾದಾಗ ಒಂದೇ ಒಂದು ಸಾಲು ಬರೆಯುತ್ತೇನೆ. ಮಂಗಳವಾರ ಅಯ್ಯನವರ ಜೊತೆ ಹತ್ತು ನಿಮಿಷ ಚಹಾ. ಅಲ್ಲಿ ಏನು ಕೇಳುತ್ತೇನೆ, ಹೇಗೆ ಕೇಳುತ್ತೇನೆ ಅನ್ನೋದು ನಮ್ಮಿಬ್ಬರ ನಡುವೆ ಇರಲಿ. ಎಲ್ಲದಕ್ಕೂ ತಲೆಯಾಡಿಸುತ್ತೇನೆ ಅಂತ ಅಲ್ಲ. ಬೆರೋಯ ಊರಿನವರು ಪೌಲ ಹೇಳಿದ್ದನ್ನೂ ದಿನಾ ಶಾಸ್ತ್ರ ತೆರೆದು ನೋಡಿದರಲ್ವಾ.

ನಡುವೆ ಒಂದು ಬೇರೆ ಪ್ರಯೋಗವೂ ಆಯಿತು. ಹಿಂದಿನ ಬೆಂಚಿನಿಂದ ಶುರು ಮಾಡಿ ವಾರಕ್ಕೊಂದು ಬೆಂಚಿನಂತೆ ಕೂತು ನೋಡಿದೆ. ಆರನೇ ಬೆಂಚಿನ ಹಿಂದೆ ವಾಕ್ಯದ ಕೊನೆಯ ಪದಗಳು ಕೇಳಿಸುವುದೇ ಇಲ್ಲ! ನಮ್ಮದು ಎತ್ತರದ ಛಾವಣಿ, ದನಿ ಗುಂಯ್ ಅಂತ ಕಲಸಿಹೋಗುತ್ತೆ. ಪ್ರಸಂಗ ಸಪ್ಪೆ ಅಂತ ನಾವು ವರ್ಷಗಟ್ಟಲೆ ದೂರಿದ್ದರಲ್ಲಿ ಅರ್ಧ ಮೈಕಿನ ತಪ್ಪು. ನನ್ನದು ಎಲೆಕ್ಟ್ರಿಕಲ್ ಅಂಗಡಿ. ಹೊಸ ಮೈಕು, ವೈರು ಸೇರಿ ಸುಮಾರು ಮೂರು ಸಾವಿರದ ಚಿಲ್ಲರೆ ಆಯಿತು. ಎರಡು ಸ್ಪೀಕರ್‌ಗಳನ್ನು ಕೆಳಗಿಳಿಸಿ ಬೆಂಚುಗಳ ಕಡೆ ತಿರುಗಿಸಿದೆ. ಐವತ್ತು ಸಾವಿರ ಮಾಡದ ಕೆಲಸವನ್ನು ಆ ಮೂರು ಸಾವಿರ ಮಾಡಿತು.

2025ರ ಜನವರಿಯ ಒಂದು ಭಾನುವಾರವನ್ನು ಹೇಳಲೇಬೇಕು. ಮೈಕ್ರೋಫೈನಾನ್ಸ್ ಸಂಘದ ಸಾಲದ ವಸೂಲಿಯವರು ಮನೆ ಮುಂದೆ ಬಂದು ಕೂಗಾಡುತ್ತಿದ್ದ ಕಾಲ ಅದು. ಇಂಥ ವಸೂಲಿ ತಡೆಯಲು ಸರ್ಕಾರದ ಸುಗ್ರೀವಾಜ್ಞೆ ಬಂದದ್ದು ಮುಂದಿನ ತಿಂಗಳು. ನಮ್ಮ ಸಭೆಯ ಒಬ್ಬ ವಿಧವೆ ತಾಯಿಯ ಮನೆ ಮುಂದೆಯೂ ಆ ವಾರ ಗಲಾಟೆ ಆಗಿತ್ತು. ಅವತ್ತಿನ ಪಾಠ ಬೈಬಲಿನ 2 ಅರಸುಗಳು 4ನೇ ಅಧ್ಯಾಯ. ಸಾಲ ಕೊಟ್ಟವನು ವಿಧವೆಯ ಇಬ್ಬರು ಮಕ್ಕಳನ್ನು ದಾಸರಾಗಿ ಎಳೆದೊಯ್ಯಲು ಬಂದಿದ್ದಾನೆ. ಪ್ರವಾದಿ ಎಲೀಷ ನೆರೆಹೊರೆಯಲ್ಲಿ ಖಾಲಿ ಪಾತ್ರೆ ಬೇಡಿ ತಾ ಅನ್ನುತ್ತಾನೆ. ಅವಳಲ್ಲಿದ್ದ ಒಂದು ಕುಡಿಕೆ ಎಣ್ಣೆ ಆ ಪಾತ್ರೆಗಳನ್ನೆಲ್ಲ ತುಂಬುತ್ತದೆ. ಈ ಭಾಗದ ಮೇಲೆ ಹೆಸರಾಂತ ಬೋಧಕರಿಂದ ಐದಾರು ಪ್ರಸಂಗ ಕೇಳಿದ್ದೆ. ಎಲ್ಲರೂ ಉಕ್ಕುವ ಎಣ್ಣೆಯ ಬಗ್ಗೆಯೇ ಹೇಳಿದ್ದರು.

ನಮ್ಮ ಅಯ್ಯನವರು ಎಣ್ಣೆಯ ಹತ್ತಿರ ಹೋಗಲೇ ಇಲ್ಲ. ಹಾಳೆ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಪಾತ್ರೆ ಕೊಟ್ಟವರ ಹೆಸರು ಇಲ್ಲಿ ಬರೆದಿಲ್ಲ. ಪಾತ್ರೆ ಮುಗಿದಾಗ ಎಣ್ಣೆ ನಿಂತಿತು ಅಂತ ಮಾತ್ರ ಬರೆದಿದೆ. ನೆರೆಯವರು ಎರಡೇ ಪಾತ್ರೆ ಕೊಟ್ಟಿದ್ದರೆ?" ಅಂದರು. ಯಾರ ಕಡೆಗೂ ನೋಡಲಿಲ್ಲ. ಯಾರ ಹೆಸರೂ ಎತ್ತಲಿಲ್ಲ. ಆ ತಾಯಿ ಎಡಗಡೆಯ ನಾಲ್ಕನೇ ಬೆಂಚಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಆ ಪ್ರಸಂಗವನ್ನು ಬೇರೆ ಯಾವ ಬೋಧಕರೂ ನಮಗೆ ಹೇಳಲು ಆಗುತ್ತಿರಲಿಲ್ಲ, ಯಾಕಂದರೆ ಆ ವಾರ ಆ ತಾಯಿಯ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬಂದವರು ಇವರೇ.

ಆ ಮಧ್ಯಾಹ್ನ ನಾಲ್ಕು ಮನೆಯವರು ಸೇರಿದೆವು. ಹನ್ನೊಂದು ಸಾವಿರ ಆಯಿತು ಅಂತ ನೆನಪು, ಎರಡು ಮೂರು ಕಂತಿಗೆ ಸಾಕಾಯಿತು. ನಗುತ್ತಿದ್ದ ಭಾವಮೈದುನನೂ ಎರಡು ಸಾವಿರ ತಂದುಕೊಟ್ಟ.

ಈಗ ಶನಿವಾರ ಓದುವ ಮನೆಗಳು ಏಳು. ಅಯ್ಯನವರ ಪ್ರಸಂಗವೂ ಬೆಳೆದಿದೆ, ಹಾಳೆ ನೋಡುವುದು ಕಡಿಮೆಯಾಗಿದೆ. ಕೇಳುವವರು ಓದಿಕೊಂಡು ಬಂದಿರುತ್ತಾರೆ ಅನ್ನೋದು ಅವರಿಗೆ ಗೊತ್ತು. ಮುಂದಿನ ವರ್ಷ ಅವರಿಗೆ ವರ್ಗಾವಣೆ ಆಗಬಹುದು ಅಂತ ಮಾತಿದೆ. ಹೊಸಬರು ಬಂದ ಮೊದಲ ಗುರುವಾರವೇ ಫೋನ್ ಮಾಡುತ್ತೇನೆ. ಇವರ ಸಾಲುಗಳಿರುವ ಮೂರು ನೋಟ್‌ಬುಕ್‌ಗಳನ್ನು ಒಂದು ಪ್ರತಿ ಮಾಡಿಸಿ, ಬೀಳ್ಕೊಡುಗೆಯ ದಿನ ಅವರ ಕೈಗೇ ಕೊಡಬೇಕು. ಮಗಳು ಮೊದಲನೆಯದನ್ನು ಅಂದವಾಗಿ ಬರೆಯಲು ಶುರು ಮಾಡಿದ್ದಾಳೆ.