ಯೋಧನ ಪೆಟ್ಟಿಗೆಯ ಮೇಲಿನ ಬಾವುಟ: ಅಮೆರಿಕದಲ್ಲಿ ಪಡೆಯುವುದು, ಹೊದಿಸುವುದು, ಮಡಿಸುವುದು ಹೇಗೆ?

ನಮ್ಮ ಪಕ್ಕದ ಮನೆಯ ಅಜ್ಜ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ತೀರಿಕೊಂಡದ್ದು ಒಂದು ಶುಕ್ರವಾರ ರಾತ್ರಿ. ಮರುದಿನ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋದಾಗ ಅವರ ಹೆಂಡತಿ ನೆಲಮಾಳಿಗೆಯಲ್ಲಿ ಮೂರು ರಟ್ಟಿನ ಪೆಟ್ಟಿಗೆಗಳನ್ನು ಸುರುವಿಕೊಂಡು ಕೂತಿದ್ದರು. ಅಳುವುದಕ್ಕೂ ಅವರಿಗೆ ಪುರಸೊತ್ತಿರಲಿಲ್ಲ. ಹುಡುಕುತ್ತಿದ್ದದ್ದು ಒಂದೇ ಒಂದು ಕಾಗದ. ಗಂಡ ಸೈನ್ಯ ಬಿಟ್ಟು ಬರುವಾಗ ಕೊಟ್ಟಿದ್ದ ಡಿಸ್ಚಾರ್ಜ್ ಕಾಗದ. ನಾವಿಬ್ಬರೂ ಕೂತು ಹುಡುಕಿದೆವು. ಸಿಕ್ಕಿದ್ದು ಮಧ್ಯಾಹ್ನ ಮೂರಕ್ಕೆ, ಹಳೆಯ ತೆರಿಗೆ ಕಾಗದಗಳ ನಡುವೆ.

ಅಮೆರಿಕದಲ್ಲಿ ಮಾಜಿ ಯೋಧರು ತೀರಿಕೊಂಡರೆ ಶವಪೆಟ್ಟಿಗೆಗೆ ಹೊದಿಸಲು ಸರ್ಕಾರವೇ ರಾಷ್ಟ್ರಧ್ವಜ ಕೊಡುತ್ತದೆ, ಅದನ್ನು ಪಡೆಯಲು ಬೇಕಾದದ್ದು ಆ ಕಾಗದ. ಅದು ಕೈಯಲ್ಲಿದ್ದರೆ ಮಿಕ್ಕದ್ದೆಲ್ಲ ಸಲೀಸು. ಇಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಮಕ್ಕಳು ಸೇನೆಗೆ, ನೌಕಾಪಡೆಗೆ ಸೇರುತ್ತಿದ್ದಾರೆ. ಸೈನ್ಯದಲ್ಲಿದ್ದವರು ಅಳಿಯಂದಿರಾಗಿ, ಬೀಗರಾಗಿ ಬರುತ್ತಿದ್ದಾರೆ. ಸಾವಿನ ಮನೆಯಲ್ಲಿ ಯಾರನ್ನು ಕೇಳಬೇಕು, ಏನು ಮಾಡಬೇಕು ಎಂದು ತೋಚದೆ ನಿಲ್ಲುವ ಹೊತ್ತಿಗೆ ಉಪಯೋಗಕ್ಕೆ ಬರಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ

ಡಿಡಿ 214 ಎಂಬುದು ಅದರ ಹೆಸರು. ಯಾವ ಪಡೆ, ಎಷ್ಟು ವರ್ಷ, ಯಾವ ರೀತಿಯ ಬಿಡುಗಡೆ ಎಲ್ಲವೂ ಅದರಲ್ಲಿರುತ್ತದೆ. 1955ರ ಜನವರಿ 31ರ ನಂತರ ಸೇವೆ ಸಲ್ಲಿಸಿ, ಸೈನ್ಯದಿಂದ ಕಳಂಕದೊಂದಿಗೆ ಹೊರಹಾಕಿಸಿಕೊಳ್ಳದೆ ಬಂದವರಿಗೆಲ್ಲ ಸಾಮಾನ್ಯವಾಗಿ ಬಾವುಟ ಸಿಗುತ್ತದೆ. ಯುದ್ಧಕಾಲದಲ್ಲಿ ದುಡಿದ ಹಳಬರಿಗೂ ಉಂಟು. ಯುದ್ಧದಲ್ಲಿ ಗಾಯಗೊಂಡಿರಬೇಕು, ಪದಕ ಬಂದಿರಬೇಕು ಎಂಬ ನಿಯಮವಿಲ್ಲ. ಅಡುಗೆ ಮನೆಯಲ್ಲಿ ಕೆಲಸ ಮಾಡಿದವರಿಗೂ ಅದೇ ಬಾವುಟ, ಟ್ಯಾಂಕ್ ಓಡಿಸಿದವರಿಗೂ ಅದೇ.

ಮನೆಯಲ್ಲಿ ಕಾಗದ ಸಿಗದಿದ್ದರೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ವಿಚಾರಿಸಿ. ಅನೇಕರು ಸೈನ್ಯದಿಂದ ಬಂದ ಹೊಸದರಲ್ಲಿ ಅಲ್ಲೊಂದು ಪ್ರತಿ ದಾಖಲು ಮಾಡಿಸಿರುತ್ತಾರೆ. ಅಲ್ಲೂ ಇಲ್ಲವಾದರೆ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬರೆಯಬೇಕು. ಅಂತ್ಯಕ್ರಿಯೆಗೆ ಎಂದು ತಿಳಿಸಿದರೆ ತುರ್ತಾಗಿ ನೋಡುತ್ತಾರೆ. ಆದರೆ 1973ರ ಜುಲೈ 12ರಂದು ಆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಶೇ 80ರಷ್ಟು ಅವತ್ತೇ ಹೋದವು. ಎರಡನೇ ಮಹಾಯುದ್ಧದವರ, ಕೊರಿಯಾ ಯುದ್ಧದವರ ಮಕ್ಕಳು ಇವತ್ತಿಗೂ ಪರದಾಡುವುದು ಇದರಿಂದ. ಅಂಥವರಿಗೆ ಬೇರೆ ದಾಖಲೆಗಳಿಂದ ಸೇವೆಯನ್ನು ಖಚಿತಪಡಿಸುವ ದಾರಿ ಇದೆ, ಆದರೆ ದಿನ ಹಿಡಿಯುತ್ತದೆ. ಹಾಗಾಗಿ ಮನೆಯಲ್ಲಿ ಹಿರಿಯ ಯೋಧರಿದ್ದರೆ ಅವರು ಚೆನ್ನಾಗಿರುವಾಗಲೇ ಕೇಳಿ, ಆ ಕಾಗದ ತೆಗೆಸಿ, ನಕಲು ಮಾಡಿಸಿಡಿ. ಇದನ್ನು ಕೇಳುವುದು ಅಪಶಕುನವಲ್ಲ. ನಾನು ಕಂಡ ಹಳೆಯ ಯೋಧರು ಆ ಕಾಗದವನ್ನು ಹೆಮ್ಮೆಯಿಂದಲೇ ತೋರಿಸಿದ್ದಾರೆ.

ಅರ್ಜಿ ಕೊಡುವುದು

ಬಾವುಟ ಕೊಡುವುದು ವಿಎ, ಅಂದರೆ ಮಾಜಿ ಯೋಧರ ಇಲಾಖೆ. 27-2008 ಸಂಖ್ಯೆಯ ಅರ್ಜಿ ತುಂಬಬೇಕು. ಅಂತ್ಯಕ್ರಿಯೆಯ ಏರ್ಪಾಡು ಮಾಡುವ ಫ್ಯೂನರಲ್ ಹೋಮಿನವರಿಗೆ ಇದು ದಿನನಿತ್ಯದ ಕೆಲಸ. ಡಿಡಿ 214ರ ನಕಲು ಕೊಟ್ಟರೆ ಸಾಮಾನ್ಯವಾಗಿ ಅರ್ಜಿಯನ್ನು ಅವರೇ ತುಂಬಿ ಬಾವುಟ ತರಿಸುತ್ತಾರೆ. ನೀವೇ ಹೋಗುವುದಾದರೆ ವಿಎ ಪ್ರಾದೇಶಿಕ ಕಚೇರಿಗೆ ಹೋಗಬಹುದು, ಅಂಚೆ ಕಚೇರಿಯಲ್ಲೂ ಸಿಗುತ್ತದೆ. ಎಲ್ಲ ಅಂಚೆ ಕಚೇರಿಗಳಲ್ಲಿ ದಾಸ್ತಾನು ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ದುಡ್ಡು ಕೊಡುವಂತಿಲ್ಲ. ಕರ್ತವ್ಯದಲ್ಲಿರುವಾಗಲೇ ತೀರಿಕೊಂಡವರಿಗೆ ಅವರವರ ಪಡೆಯೇ ಬಾವುಟ ಕೊಡುತ್ತದೆ, ಈ ಅರ್ಜಿಯ ಗೊಡವೆ ಇಲ್ಲ. ಅಂತ್ಯಕ್ರಿಯೆ ಮುಗಿದುಹೋಗಿದ್ದರೂ ಚಿಂತೆಯಿಲ್ಲ, ಆಮೇಲೆಯೂ ಕೇಳಬಹುದು.

ಅರ್ಜಿಯಲ್ಲಿ ಬಾವುಟ ಯಾರ ಕೈಗೆ ಹೋಗಬೇಕು ಎಂದು ಬರೆಯಬೇಕಾಗುತ್ತದೆ. ಒಬ್ಬ ಯೋಧನಿಗೆ ಒಂದೇ ಬಾವುಟ. ಕಳೆದರೂ ಹರಿದರೂ ಇಲಾಖೆ ಇನ್ನೊಂದು ಕೊಡುವುದಿಲ್ಲ. ಮೊದಲ ಹಕ್ಕು ಗಂಡ ಅಥವಾ ಹೆಂಡತಿಯದು, ಆಮೇಲೆ ವಯಸ್ಸಿನ ಕ್ರಮದಲ್ಲಿ ಮಕ್ಕಳದು. ಯಾರೂ ಇಲ್ಲದಿದ್ದರೆ ಆಪ್ತ ಸ್ನೇಹಿತರೂ ಕೇಳಬಹುದು. ಅಣ್ಣತಮ್ಮಂದಿರು ಜಮೀನಿಗಾಗಿ ಮಾತು ಬಿಟ್ಟದ್ದನ್ನು ನಾವು ಊರಲ್ಲಿ ಕಂಡಿದ್ದೇವೆ. ಇಲ್ಲಿ ಈ ಬಟ್ಟೆಯೊಂದಕ್ಕಾಗಿ ಅಕ್ಕತಂಗಿಯರು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಅರ್ಜಿ ತುಂಬುವ ಮೊದಲೇ ಮನೆಯವರು ಕೂತು ಮಾತಾಡಿಕೊಳ್ಳಿ.

ಹೊದಿಸುವಾಗ

ಬಾವುಟ ಹತ್ತಿಯದು, ಐದು ಅಡಿ ಅಗಲ, ಒಂಬತ್ತೂವರೆ ಅಡಿ ಉದ್ದ. ಪೆಟ್ಟಿಗೆ ಮುಚ್ಚಿದ್ದರೆ ನಕ್ಷತ್ರಗಳಿರುವ ನೀಲಿ ಭಾಗ ತಲೆಯ ಕಡೆ, ಅದರಲ್ಲೂ ಎಡ ಭುಜದ ಮೇಲೆ ಬರಬೇಕು. ಮುಖ ಕಾಣುವಂತೆ ಪೂರ್ತಿ ತೆರೆದಿದ್ದರೆ ಬಾವುಟವನ್ನು ಹೊದಿಸುವುದಿಲ್ಲ, ತ್ರಿಕೋನವಾಗಿ ಮಡಿಸಿ ಮುಚ್ಚಳದ ಒಳಬದಿಯಲ್ಲಿ ತಲೆಯ ಹತ್ತಿರ ಇಡುತ್ತಾರೆ. ಬೂದಿಯ ಪಾತ್ರೆಯಾದರೆ ಮಡಿಸಿದ ಬಾವುಟ ಅದರ ಪಕ್ಕದಲ್ಲಿ.

ನಮ್ಮವರು ಎಡವುವುದು ಇಲ್ಲೇ. ಬಾವುಟದ ಮೇಲೆ ಏನನ್ನೂ ಇಡಬಾರದು. ಹಾರ ಬೇಡ, ಬಿಡಿ ಹೂವು ಬೇಡ, ಅಕ್ಕಿಕಾಳು, ಕುಂಕುಮ, ಗಂಗಾಜಲ ಯಾವುದೂ ಬೇಡ. ಸಂಸ್ಕಾರ ಬಿಡಬೇಕೆಂದು ಇದರ ಅರ್ಥವಲ್ಲ. ಕ್ರಮ ಹೊಂದಿಸಿಕೊಂಡರೆ ಸಾಕು. ಫ್ಯೂನರಲ್ ಹೋಮಿನಲ್ಲಿ ಪುರೋಹಿತರ ಕೆಲಸ, ಬಾಯಿಗೆ ತುಳಸಿ ನೀರು ಬಿಡುವುದು, ಹೂವು ಹಾಕುವುದು ಮೊದಲು ಮುಗಿಯಲಿ. ಆಮೇಲೆ ಪೆಟ್ಟಿಗೆ ಮುಚ್ಚಿ ಬಾವುಟ ಹೊದಿಸಲಿ, ಸೈನ್ಯದವರ ಗೌರವ ನಡೆಯಲಿ. ಅವರು ಮಡಿಸಿ ಕೈಗೆ ಕೊಟ್ಟ ಮೇಲೆ ಪೆಟ್ಟಿಗೆ ದಹನದ ಕೋಣೆಗೆ ಹೋಗಲಿ, ಮಗನೋ ಮಗಳೋ ದಹನಯಂತ್ರದ ಗುಂಡಿ ಒತ್ತಲಿ. ಹೂಳಿದರೆ ಬಾವುಟ ಸಮಾಧಿಗೆ ಇಳಿಯಬಾರದು, ಸುಟ್ಟರೆ ಬೆಂಕಿಗೆ ಹೋಗಬಾರದು, ನೆಲಕ್ಕೆ ತಾಗಬಾರದು. ಈ ಕ್ರಮವನ್ನು ಹಿಂದಿನ ದಿನವೇ ಪುರೋಹಿತರಿಗೂ ಫ್ಯೂನರಲ್ ಹೋಮಿನವರಿಗೂ ಒಟ್ಟಿಗೆ ಕೂರಿಸಿ ಹೇಳಿ.

ನಮ್ಮ ತ್ರಿವರ್ಣಕ್ಕೂ ಇದೇ ನಿಯಮ ಎಂಬುದು ನೆನಪಿರಲಿ. ಭಾರತದ 2002ರ ಧ್ವಜಸಂಹಿತೆ ಯೋಧನ ಪಾರ್ಥಿವ ಶರೀರಕ್ಕೆ ಹೊದಿಸುವಾಗ ಕೇಸರಿ ತಲೆಯ ಕಡೆ ಬರಬೇಕು, ಸಮಾಧಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು ಎನ್ನುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳ ಕೈಯಿಂದ ಹೊರಟ ಬಟ್ಟೆಗೂ ಈ ಕೊನೆಯ ಕೆಲಸ ಬರುವುದುಂಟು. ಇದನ್ನು ಹೇಳಿದರೆ ಮನೆಯ ಹಿರಿಯರು ಬೇಗ ಒಪ್ಪುತ್ತಾರೆ.

ಮಡಿಸುವುದು

2000ದ ಜನವರಿಯಿಂದ ಇದು ಕಾನೂನು: ಕುಟುಂಬ ಕೇಳಿದರೆ ಕನಿಷ್ಠ ಇಬ್ಬರು ಸಮವಸ್ತ್ರದ ಸೈನಿಕರು ಬರಬೇಕು, ಒಬ್ಬರಾದರೂ ತೀರಿಕೊಂಡವರ ಪಡೆಯವರೇ ಆಗಿರಬೇಕು. ಅವರು ಬಾವುಟ ಮಡಿಸಿ ಕೊಡುತ್ತಾರೆ, 'ಟ್ಯಾಪ್ಸ್' ಎಂಬ ಕಹಳೆಯ ರಾಗ ನುಡಿಸುತ್ತಾರೆ. ಕಹಳೆ ಊದುವವರು ಸಿಗದ ಕಡೆ ಧ್ವನಿಮುದ್ರಿಕೆ ಹಾಕುತ್ತಾರೆ. ಕೇಳದೆ ಬರುವುದಿಲ್ಲ, ಫ್ಯೂನರಲ್ ಹೋಮಿನ ಮೂಲಕ ಕೇಳಿಸಿ.

ಆದರೂ ಮಡಿಸಲು ಗೊತ್ತಿರಬೇಕು. ಮನೆಯಲ್ಲಿ ಯಾರಾದರೂ ಬಿಚ್ಚಿದರೆ ಮತ್ತೆ ಮಡಿಸುವವರು ನೀವೇ. ಇಬ್ಬರು ಬೇಕು. ಎದುರುಬದುರು ನಿಂತು ಸೊಂಟದ ಎತ್ತರಕ್ಕೆ ಬಿಗಿಯಾಗಿ ಹಿಡಿಯಿರಿ. ಪಟ್ಟೆಗಳಿರುವ ಕೆಳಗಿನ ಅರ್ಧವನ್ನು ಉದ್ದಕ್ಕೆ ಮೇಲಕ್ಕೆ ತಂದು ನೀಲಿಯನ್ನು ಮುಚ್ಚಿ. ಇನ್ನೊಮ್ಮೆ ಉದ್ದಕ್ಕೇ ಮಡಿಸಿ, ಈ ಸಲ ನೀಲಿ ಹೊರಬದಿಗೆ ಬರಬೇಕು. ಈಗ ಕೈಯಲ್ಲಿರುವುದು ಒಂದೂಕಾಲು ಅಡಿ ಅಗಲದ ಉದ್ದನೆಯ ಪಟ್ಟಿ. ನೀಲಿ ಕಡೆಯವರು ಅಲುಗಾಡದೆ ನಿಲ್ಲಲಿ. ಪಟ್ಟೆಯ ಕಡೆಯವರು ಮಡಿಕೆಯ ಅಂಚಿನ ಮೂಲೆಯನ್ನು ಎತ್ತಿ ಎದುರಿನ ಬಿಡಿ ಅಂಚಿಗೆ ಸೇರಿಸಲಿ, ತ್ರಿಕೋನವಾಗುತ್ತದೆ. ಅದರ ಚೂಪಾದ ತುದಿಯನ್ನು ಒಳಕ್ಕೆ ಮಗುಚಿದರೆ ಇನ್ನೊಂದು ತ್ರಿಕೋನ. ನಾವು ವೀಳ್ಯದೆಲೆಯನ್ನು ಮೂಲೆಮೂಲೆಗೆ ಮಡಿಸುತ್ತ ಹೋಗುವಂತೆಯೇ. ಪ್ರತಿ ಮಡಿಕೆಯನ್ನೂ ಅಂಗೈಯಿಂದ ಒತ್ತಿ ಗಾಳಿ ತೆಗೆಯಿರಿ. ಮೊದಲ ಎರಡು ತ್ರಿಕೋನ ಸಡಿಲವಾದರೆ ಕೊನೆಗೆ ಸೊಟ್ಟಗಾಗುತ್ತದೆ, ಬಿಚ್ಚಿ ಮೊದಲಿನಿಂದ ಮಾಡುವುದೇ ಮೇಲು. ಕೊನೆಯಲ್ಲಿ ಉಳಿದ ನೀಲಿ ತುಂಡನ್ನು ಮಡಿಕೆಯ ಜೇಬಿನೊಳಕ್ಕೆ ಸಿಕ್ಕಿಸಿ. ಕೆಂಪು ಒಂದಿಷ್ಟೂ ಹೊರಗೆ ಕಾಣಬಾರದು. ನೀಲಿ ಮತ್ತು ಬಿಳಿ ನಕ್ಷತ್ರ ಮಾತ್ರ. ಒಟ್ಟು 13 ಮಡಿಕೆ ಎಂದು ಎಣಿಸಿ ಒಂದೊಂದಕ್ಕೂ ಅರ್ಥ ಓದುವುದುಂಟು. ಅದು ರೂಢಿಯಲ್ಲಿ ಬಂದದ್ದು, ಕಾನೂನಿನಲ್ಲಿಲ್ಲ.

ಮಡಿಸಿದ ಸೈನಿಕ ಮೊಣಕಾಲೂರಿ ಕೂತು, ರಾಷ್ಟ್ರಾಧ್ಯಕ್ಷರ ಪರವಾಗಿ, ಸೇನೆಯ ಪರವಾಗಿ, ಕೃತಜ್ಞ ದೇಶದ ಪರವಾಗಿ ಎಂದು ಹೇಳಿ ಕೊಡುತ್ತಾನೆ. ಎರಡೂ ಕೈ ಚಾಚಿ ತೆಗೆದುಕೊಳ್ಳಿ. ಮೂರು ಸುತ್ತು ಗುಂಡು ಹಾರಿಸಿದ್ದರೆ ಖಾಲಿ ಕಾಟ್ರಿಜ್ ಮೂರನ್ನು ಕೊಡುವುದುಂಟು, ಕೇಳಿ ಇಟ್ಟುಕೊಳ್ಳಿ.

ಮನೆಯಲ್ಲಿ ಇಡುವುದು

ಮಳೆ ಬಿಸಿಲಿಗೆ ಹಾರಿಸಲು ಈ ಬಟ್ಟೆ ತಾಳುವುದಿಲ್ಲ. ಗಾಜಿನ ಮುಚ್ಚಳದ ತ್ರಿಕೋನ ಮರದ ಚೌಕಟ್ಟು ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ 'ಐದು ಅಡಿಗೆ ಒಂಬತ್ತೂವರೆ ಅಡಿಯ ಬಾವುಟಕ್ಕೆ' ಎಂದು ಒತ್ತಿ ಹೇಳಿ, ಚಿಕ್ಕ ಬಾವುಟದ ಚೌಕಟ್ಟುಗಳೂ ಅಲ್ಲೇ ಇರುತ್ತವೆ. ನೇರ ಬಿಸಿಲು ಬೀಳುವ ಕಿಟಕಿಯ ಎದುರು ಬೇಡ. ಮನೆಯಲ್ಲಿ ಇಟ್ಟುಕೊಳ್ಳುವವರು ಇಲ್ಲವಾದರೆ ರಾಷ್ಟ್ರೀಯ ಸ್ಮಶಾನಗಳಿಗೆ ಕೊಡಬಹುದು. ಮಡಿದ ಯೋಧರನ್ನು ನೆನೆಯುವ ಮೆಮೋರಿಯಲ್ ಡೇ ದಿನ ಅಲ್ಲಿ ದಾರಿಯ ಎರಡೂ ಬದಿ ಸಾಲಾಗಿ ಏರಿಸುವುದು ಹೀಗೆ ಕುಟುಂಬಗಳು ಕೊಟ್ಟ ಬಾವುಟಗಳನ್ನೇ.

ಅದೇ ಕಾಗದದ ಮೇಲೆ ಸಮಾಧಿಕಲ್ಲನ್ನೂ ಇಲಾಖೆ ಉಚಿತವಾಗಿ ಕೊಡುತ್ತದೆ. ಅದರ ಮೇಲೆ ಕೆತ್ತಲು ಒಪ್ಪಿರುವ ಧರ್ಮಚಿಹ್ನೆಗಳ ಪಟ್ಟಿಯಲ್ಲಿ 'ಓಂ' ಕೂಡ ಇದೆ. ಬೂದಿಯನ್ನು ನೀರಿಗೆ ಬಿಟ್ಟಿದ್ದರೂ ರಾಷ್ಟ್ರೀಯ ಸ್ಮಶಾನದಲ್ಲಿ ಹೆಸರಿನ ಸ್ಮಾರಕ ಕಲ್ಲು ಕೇಳಬಹುದು.

ಪಕ್ಕದ ಮನೆಯ ಅಜ್ಜಿ ಗಂಡನ ಬಾವುಟವನ್ನು ಊಟದ ಮೇಜಿನ ಎದುರಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಹೆಸರು, ಪಡೆ, ವರ್ಷಗಳನ್ನು ಮೊಮ್ಮಗಳ ಕೈಯಲ್ಲಿ ಒಂದು ಚೀಟಿಯಲ್ಲಿ ಬರೆಸಿ ಒಳಗೆ ಸೇರಿಸಿದ್ದಾರೆ. ಚೌಕಟ್ಟಿನ ಹಿಂಬದಿಗೆ ಒಂದು ಲಕೋಟೆ ಅಂಟಿಸಿದೆ. ಅದರಲ್ಲಿರುವುದು ಡಿಡಿ 214ರ ನಕಲು. ಯೋಧನ ಹೆಂಡತಿ ತೀರಿಕೊಂಡಾಗ ಆಕೆಯ ಪೆಟ್ಟಿಗೆಗೆ ಬಾವುಟ ಸಿಗುವುದಿಲ್ಲ, ಆದರೆ ರಾಷ್ಟ್ರೀಯ ಸ್ಮಶಾನದಲ್ಲಿ ಗಂಡನ ಜೊತೆಗೇ ಜಾಗ ಸಿಗುತ್ತದೆ. ಆಗ ಆ ಕಾಗದಕ್ಕಾಗಿ ಮಕ್ಕಳು ಮತ್ತೆ ನೆಲಮಾಳಿಗೆಗೆ ಇಳಿಯುವುದು ಬೇಡ ಎಂದು ಅವರೇ ಅಂಟಿಸಿದ್ದು.